ಕಲ್ಲಿನ ಮೇಲೊಂದು ಹಂಸಪಾದ: ಫೈಂಡ್ ಎ ಗ್ರೇವ್ ಹಿಡಿದು ಹಳೆಯ ಸ್ಮಶಾನದಲ್ಲಿ ಹತ್ತು ತಿಂಗಳು

ಅಮೃತಶಿಲೆಯ ಆ ಚಿಕ್ಕ ಕಲ್ಲಿನ ಮೂರನೆಯ ಸಾಲಿನಲ್ಲಿ ಕೆತ್ತುವವನು ಒಂದು ಅಕ್ಷರ ಬಿಟ್ಟಿದ್ದ. ಬಿಟ್ಟದ್ದು ಅವನಿಗೇ ಆಮೇಲೆ ಕಂಡಿರಬೇಕು. ಎರಡು ಅಕ್ಷರಗಳ ನಡುವೆ ಪುಟ್ಟದೊಂದು ಹಂಸಪಾದ ಕೊರೆದು, ಬಿಟ್ಟುಹೋದ ಅಕ್ಷರವನ್ನು ಅದರ ಮೇಲೆ ಕೂರಿಸಿದ್ದ. ನಾನು ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಕಾಗದದ ಮೇಲೆ ಎಷ್ಟು ಸಾವಿರ ಹಂಸಪಾದ ಹಾಕಿದ್ದೇನೋ ಲೆಕ್ಕವಿಲ್ಲ, ಕಲ್ಲಿನ ಮೇಲೆ ಕಂಡದ್ದು ಅದೇ ಮೊದಲು. ಅಲ್ಲೇ ಹುಲ್ಲಿನ ಮೇಲೆ ಕುಳಿತು ಬಹಳ ಹೊತ್ತು ನೋಡಿದೆ.

ಆ ಸಮಾಧಿ ಕಲ್ಲಿನ ದಾರಿ ತೋರಿಸಿದ್ದು ಫೈಂಡ್ ಎ ಗ್ರೇವ್ ಎಂಬ, ಸಮಾಧಿಗಳನ್ನು ದಾಖಲಿಸುವ ಅಂತರಜಾಲ ತಾಣ. ಅಲ್ಲಿಯ ಪುಟದಲ್ಲಿ ಹೆಸರು ತಪ್ಪಿಲ್ಲದೆ ಟೈಪಾಗಿತ್ತು, ಹಂಸಪಾದದ ಸುಳಿವೇ ಇರಲಿಲ್ಲ. ಟೈಪು ಮಾಡಿದವರದು ತಪ್ಪೆಂದು ಹೇಳಲಾರೆ. ಹೆಸರು ಸರಿಯಾಗಿಯೇ ಇತ್ತಲ್ಲ. ಆದರೆ ಎಷ್ಟೋ ವರ್ಷಗಳ ಹಿಂದೆ ಒಬ್ಬ ಮನುಷ್ಯ ಉಳಿ ಹಿಡಿದು ತನ್ನ ತಪ್ಪಿಗೆ ನಾಚಿ, ಅದನ್ನು ತಿದ್ದಿದ ಗಳಿಗೆ ಆ ಪುಟದಲ್ಲಿ ಇರಲಿಲ್ಲ. ಈ ತಾಣವನ್ನು ಹತ್ತು ತಿಂಗಳಿಂದ ವಾರಕ್ಕೆ ಎರಡು ಮೂರು ಸಲ ಬಳಸುತ್ತಿದ್ದೇನೆ. ಅದರ ಬಗ್ಗೆ ನನ್ನ ಅಭಿಪ್ರಾಯವೆಲ್ಲ ಈ ಒಂದು ಅನುಭವದಿಂದಲೇ ಬೆಳೆದದ್ದು: ಇದು ಅತ್ಯುತ್ತಮ ಕರಡಚ್ಚು. ಮೂಲಪ್ರತಿ ಮಾತ್ರ ಹುಲ್ಲಿನ ನಡುವೆ ನಿಂತಿದೆ.

ತಾಣ ಹುಟ್ಟಿದ್ದು 1995ರಲ್ಲಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಜಿಮ್ ಟಿಪ್ಟನ್ ಅವರಿಗೆ ಪ್ರಸಿದ್ಧರ ಸಮಾಧಿಗಳನ್ನು ನೋಡಿ ಬರುವ ಹವ್ಯಾಸವಿತ್ತು. ಅದಕ್ಕೆ ಒದಗುವ ತಾಣ ಎಲ್ಲೂ ಸಿಗದೆ ತಾವೇ ಒಂದನ್ನು ಕಟ್ಟಿದರು. ಪ್ರಸಿದ್ಧರಿಗೆಂದು ತೆರೆದ ಬಾಗಿಲಿನಲ್ಲಿ ಸಾಮಾನ್ಯರು ಒಳಬಂದರು. ಬಡಗಿಗಳು, ಶಾಲಾ ಮಾಸ್ತರರು, ಹೆಸರಿಡುವ ಮೊದಲೇ ಹೋದ ಕೂಸುಗಳು ಎಲ್ಲರೂ ಬಂದರು. ವಂಶಾವಳಿ ದಾಖಲೆಗಳ ಕಂಪನಿಯಾದ ಆನ್ಸೆಸ್ಟ್ರಿ 2013ರಲ್ಲಿ ಇದನ್ನು ಕೊಂಡುಕೊಂಡಿತು. ಈಗ ಅಲ್ಲಿ 20 ಕೋಟಿಗೂ ಹೆಚ್ಚು ಸ್ಮಾರಕ ಪುಟಗಳಿವೆ. ಹುಡುಕುವುದಕ್ಕಾಗಲಿ, ಸೇರಿಸುವುದಕ್ಕಾಗಲಿ ಹಣ ಕೊಡಬೇಕಿಲ್ಲ. ಜಾಹೀರಾತುಗಳು ಇರುತ್ತವೆ, ಸಹಿಸಿಕೊಳ್ಳಬಹುದು.

ಕೆಲಸ ಸಾಗುವ ಬಗೆ ಸರಳ. ಸ್ಮಶಾನದ ಹೆಸರನ್ನೋ ಊರಿನ ಹೆಸರನ್ನೋ ಕೊಟ್ಟರೆ ಅಲ್ಲಿ ದಾಖಲಾದವರ ಪಟ್ಟಿ ಬರುತ್ತದೆ. ಒಬ್ಬೊಬ್ಬರಿಗೂ ಒಂದು ಪುಟ, ಪುಟಕ್ಕೊಂದು ಸಂಖ್ಯೆ. ಹುಟ್ಟು, ಸಾವು, ಕಲ್ಲಿನ ಚಿತ್ರ, ಕಲ್ಲಿನ ಮೇಲಿನ ಬರಹದ ನಕಲು, ಗೊತ್ತಿದ್ದರೆ ತಂದೆತಾಯಿ, ಸಂಗಾತಿ, ಮಕ್ಕಳ ಪುಟಗಳಿಗೆ ಕೊಂಡಿ. ಚಿತ್ರ ಇಲ್ಲದ ಪುಟದಲ್ಲಿ 'ಚಿತ್ರ ಬೇಕು' ಎಂದು ಕೋರಿಕೆ ಸಲ್ಲಿಸಬಹುದು. ಆ ಸ್ಮಶಾನಕ್ಕೆ ಹತ್ತಿರವಿರುವ ಸ್ವಯಂಸೇವಕರು ಅದನ್ನು ನೋಡಿ, ಹೋಗಿ, ಕಲ್ಲು ಹುಡುಕಿ, ಚಿತ್ರ ತೆಗೆದು ಹಾಕುತ್ತಾರೆ. ಈ ಏರ್ಪಾಡು ನನ್ನ ಮನಸ್ಸನ್ನು ಗೆದ್ದುಬಿಟ್ಟಿತು. ಎಲ್ಲೋ ದೂರದಲ್ಲಿರುವ ಒಬ್ಬರಿಗೆ ತಮ್ಮ ಮುತ್ತಜ್ಜಿಯ ಕಲ್ಲು ನೋಡಬೇಕಿದೆ, ಅವರ ಮುಖವನ್ನೇ ಕಾಣದ ಇನ್ನೊಬ್ಬರು ಅದಕ್ಕಾಗಿ ಮುಳ್ಳುಗಂಟಿ ಸರಿಸುತ್ತಾರೆ. ನಾನು ಈವರೆಗೆ ಅಂಥ ಹದಿನಾಲ್ಕು ಕೋರಿಕೆಗಳನ್ನು ಪೂರೈಸಿದ್ದೇನೆ. ಒಂದು ಮಾತ್ರ ಬಾಕಿ ಇದೆ, ಅದರ ವಿಷಯ ಕೊನೆಗೆ ಹೇಳುತ್ತೇನೆ.

ನಾನು ಹೋಗುವ ಸ್ಮಶಾನ ಸಣ್ಣ ಊರಿನದು. ಎದ್ದು ನಿಂತ ಕಲ್ಲುಗಳನ್ನು ಎಣಿಸಿದಾಗ 186 ಇದ್ದವು. ಅವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ತಾಣದಲ್ಲಿ ಆಗಲೇ ಪುಟಗಳಿದ್ದವು. ಉಳಿದವನ್ನು ಸಾಲು ಹಿಡಿದು ಓದತೊಡಗಿದೆ. ಓದುವುದು ಎಂದರೆ ಇಲ್ಲಿ ಬೇರೆಯೇ ವಿದ್ಯೆ ಎಂದು ತಿಳಿದದ್ದು ಆಗಲೇ.

ಕಲ್ಲಿನ ಜಾತಿಯ ಮೇಲೆ ಅಕ್ಷರದ ಆಯುಷ್ಯ ನಿಂತಿದೆ. ಸ್ಲೇಟು ಕಲ್ಲಿನಲ್ಲಿ ಮುನ್ನೂರು ವರ್ಷದ ಹಿಂದಿನ ಗೆರೆಯೂ ನಿನ್ನೆ ಕೊರೆದಂತೆ ಇರಬಲ್ಲದು. ಮರಳುಗಲ್ಲು ಪದರು ಪದರಾಗಿ ಏಳುತ್ತದೆ, ಒಂದು ಪದರು ಕಳಚಿತೆಂದರೆ ಅದರೊಂದಿಗೆ ಒಂದು ಹೆಸರು ಹೋಯಿತು. ಅಮೃತಶಿಲೆಯ ಕಥೆ ಎಲ್ಲಕ್ಕಿಂತ ದುಃಖದ್ದು. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಮಳೆ ನೀರಿನ ಆಮ್ಲ ಅದನ್ನು ಕರಗಿಸುತ್ತಾ ಹೋಗುತ್ತದೆ, ಮೇಲ್ಮೈ ಸಕ್ಕರೆಯಂತೆ ಹರಳು ಹರಳಾಗಿ ಉದುರುತ್ತದೆ. ಹತ್ತೊಂಬತ್ತನೆಯ ಶತಮಾನದವರು ಬೆಳ್ಳಗಿದೆ, ಚೆಂದವಿದೆ ಎಂದು ಆರಿಸಿಕೊಂಡ ಕಲ್ಲೇ ಅವರ ಹೆಸರನ್ನು ಎಲ್ಲಕ್ಕಿಂತ ಬೇಗ ಮರೆಯುತ್ತಿದೆ. ನನ್ನ ಹಂಸಪಾದದ ಕಲ್ಲು ಅಮೃತಶಿಲೆಯದು ಎಂದು ಆಗಲೇ ಹೇಳಿದೆ. ಇಪ್ಪತ್ತು ಮೂವತ್ತು ವರ್ಷದಲ್ಲಿ ಆ ಗುರುತು ಉಳಿದಿರುತ್ತದೆಂಬ ಭರವಸೆ ನನಗಿಲ್ಲ. ಅದರ ಚಿತ್ರವನ್ನು ಮೂರು ಕೋನಗಳಿಂದ ತೆಗೆದು ಆ ಪುಟಕ್ಕೆ ಸೇರಿಸಿದ ದಿನ ರಾತ್ರಿ ನೆಮ್ಮದಿಯಾಗಿ ಮಲಗಿದೆ. ಈ ತಾಣದಿಂದ ಆಗುವ ದೊಡ್ಡ ಉಪಕಾರ ನನ್ನ ಪ್ರಕಾರ ಇದೇ. ಹುಡುಕಾಟ ಆಮೇಲಿನದು. ಕರಗುತ್ತಿರುವುದರ ಒಂದು ಪ್ರತಿ ಉಳಿಯುತ್ತದೆ.

ಬೆಳಕಿನ ವಿಷಯದಲ್ಲಿ ಒಂದು ಮಾತು. ಕಲ್ಲಿನ ಮುಖಕ್ಕೆ ನೇರವಾಗಿ ಬೀಳುವ ಬೆಳಕು ಸವೆದ ಅಕ್ಷರವನ್ನು ಅಳಿಸಿಬಿಡುತ್ತದೆ. ಪಕ್ಕದಿಂದ ಸವರಿಕೊಂಡು ಬರುವ ಬೆಳಕಿನಲ್ಲಿ ಪ್ರತಿ ಗೆರೆಗೂ ನೆರಳು ಹುಟ್ಟುತ್ತದೆ. ಬೆಳಿಗ್ಗೆ ಏನೂ ಕಾಣದ ಕಲ್ಲು ಮಧ್ಯಾಹ್ನ ಮೂರಕ್ಕೆ ಪೂರ್ತಿ ಓದಿಸಿಕೊಂಡದ್ದು ಎಷ್ಟೋ ಸಲ. ನೆರಳಿನಲ್ಲಿ ನಿಂತ ಕಲ್ಲಿಗೆ ಉದ್ದನೆಯ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಬಹುದು, ಆದರೆ ಅದಕ್ಕೆ ಇಬ್ಬರು ಬೇಕು.

ಇನ್ನು ಕಲ್ಲನ್ನು ಮುಟ್ಟುವ ಬಗ್ಗೆ ಕಳಕಳಿಯಿಂದ ಬೇಡಿಕೊಳ್ಳುತ್ತೇನೆ. ಅಕ್ಷರ ಎದ್ದು ಕಾಣಲೆಂದು ಹಿಂದೆ ಜನ ಶೇವಿಂಗ್ ಕ್ರೀಮ್ ಹಚ್ಚುತ್ತಿದ್ದರು, ಹಿಟ್ಟು ಉಜ್ಜುತ್ತಿದ್ದರು, ಸೀಮೆಸುಣ್ಣ ಬಳಿಯುತ್ತಿದ್ದರು. ಕ್ರೀಮಿನಲ್ಲಿರುವ ಆಮ್ಲೀಯ ಅಂಶ ಕಲ್ಲಿನ ರಂಧ್ರಗಳಲ್ಲಿ ಉಳಿಯುತ್ತದೆ, ಹಿಟ್ಟು ಪಾಚಿಗೂ ಬೂಷ್ಟಿಗೂ ಊಟವಾಗುತ್ತದೆ. ಬ್ಲೀಚಿಂಗ್ ದ್ರಾವಣ ಒಳಗೆ ಉಪ್ಪು ಬಿಟ್ಟು ಕಲ್ಲನ್ನು ಒಡೆಯುತ್ತದೆ. ತಂತಿ ಬ್ರಷ್ ಒಂದೇ ಉಜ್ಜಿಗೆ ನೂರು ವರ್ಷದ ಮಳೆಗಿಂತ ಹೆಚ್ಚು ಹಾನಿ ಮಾಡೀತು. ಕಾಗದ ಇಟ್ಟು ಬಳಪದಿಂದ ಉಜ್ಜಿ ಅಚ್ಚು ತೆಗೆಯುವುದೂ ಸಡಿಲವಾದ ಕಲ್ಲಿಗೆ ಅಪಾಯವೇ. ಕಲ್ಲುಹೂವನ್ನು ಉಗುರಿನಿಂದ ಕೆರೆಯಬೇಡಿ, ಅದು ಕಲ್ಲಿನ ಕಣಗಳನ್ನು ಹಿಡಿದುಕೊಂಡೇ ಏಳುತ್ತದೆ. ನೀರು, ಮೆತ್ತನೆಯ ಬ್ರಷ್, ಅದೂ ಸ್ಮಶಾನ ನೋಡಿಕೊಳ್ಳುವವರ ಅನುಮತಿಯಿದ್ದರೆ. ಇಲ್ಲವಾದರೆ ಬೆಳಕಿಗಾಗಿ ಕಾಯುವುದೇ ಒಳ್ಳೆಯದು.

ನನ್ನ ವೃತ್ತಿಗೆ ಅತಿ ಹತ್ತಿರದ ಭಾಗ ಬರಹದ ನಕಲು. ತಾಣದ ಹುಡುಕಾಟಕ್ಕೆ ಸಿಗುವುದು ಟೈಪಾದ ಅಕ್ಷರ ಮಾತ್ರ. ಆದ್ದರಿಂದ ಟೈಪು ಮಾಡುವಾಗ ಆದ ಒಂದು ತಪ್ಪು ಒಬ್ಬ ವ್ಯಕ್ತಿಯನ್ನು ಎರಡನೆಯ ಸಲ ಹೂಳಿಬಿಡುತ್ತದೆ. ಹಳೆಯ ಇಂಗ್ಲಿಷ್ ಕೆತ್ತನೆಯಲ್ಲಿ ಎಸ್ ಅಕ್ಷರಕ್ಕೆ ಉದ್ದನೆಯ ಒಂದು ರೂಪವಿತ್ತು, ನೋಡಲು ಎಫ್‌ನಂತೆಯೇ ಕಾಣುತ್ತದೆ. ಅದನ್ನು ಎಫ್ ಎಂದೇ ಟೈಪು ಮಾಡಿದರೆ ಆ ಮನೆತನದವರು ಎಷ್ಟು ಹುಡುಕಿದರೂ ಆ ಹೆಸರು ಸಿಗುವುದಿಲ್ಲ. ಇಂಥಲ್ಲಿ ತಾಣವೇ ಒಂದು ಉಪಾಯ ಕೊಟ್ಟಿದೆ: ಮನೆತನದ ಹೆಸರಿನಲ್ಲಿ ಅನುಮಾನವಿರುವ ಒಂದು ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬಹುದು, ಎಷ್ಟು ಅಕ್ಷರ ಎಂದೇ ತಿಳಿಯದಿದ್ದರೆ ನಕ್ಷತ್ರ ಚಿಹ್ನೆ. ಹೊಸಬರು ಇದನ್ನು ಗಮನಿಸುವುದಿಲ್ಲ, ಮೊದಲ ಹುಡುಕಾಟಕ್ಕೇ ಕೈಬಿಡುತ್ತಾರೆ.

ಪದಗಳನ್ನು ಬಿಡದೆ ನಕಲು ಮಾಡುವುದೂ ಅಷ್ಟೇ ಮುಖ್ಯ. ಹಳೆಯ ಕಲ್ಲುಗಳಲ್ಲಿ ಹೆಂಗಸರ ಹೆಸರಿನ ಜೊತೆ 'ರೆಲಿಕ್ಟ್' ಎಂದೋ 'ಕಾನ್ಸಾರ್ಟ್' ಎಂದೋ ಇರುತ್ತದೆ. ಎರಡನ್ನೂ 'ಹೆಂಡತಿ' ಎಂದು ಓದಿ ಮುಂದೆ ಹೋಗಿಬಿಡುವುದು ಸುಲಭ. ಆದರೆ ಮೊದಲನೆಯದು ವಿಧವೆಗೆ ಹೇಳುವ ಮಾತು, ಗಂಡ ಅವಳಿಗಿಂತ ಮೊದಲು ಹೋದ. ಎರಡನೆಯದಕ್ಕೆ ಸಾಮಾನ್ಯವಾಗಿ ಗಂಡ ಬದುಕಿರುವಾಗಲೇ ಅವಳು ಹೋದಳು ಎಂದರ್ಥ. ಗಂಡನ ಕಲ್ಲು ಬಿದ್ದು ಪುಡಿಯಾಗಿದ್ದರೂ ಅವನು ಹೋದ ಕಾಲದ ಒಂದು ಅಂಚು ಹೆಂಡತಿಯ ಕಲ್ಲಿನ ಆ ಒಂದೇ ಪದದಲ್ಲಿ ಸಿಗುತ್ತದೆ.

ಹುಟ್ಟಿದ ದಿನವನ್ನೇ ಬರೆಯದ ಕಲ್ಲುಗಳು ಬಹಳ. ಸತ್ತ ದಿನ ಮತ್ತು ವಯಸ್ಸು ಇರುತ್ತದೆ, ವಯಸ್ಸು ದಿನದ ಲೆಕ್ಕದವರೆಗೂ. 1872ರ ಮಾರ್ಚ್ 5ರಂದು 34 ವರ್ಷ 7 ತಿಂಗಳು 12 ದಿನದವಳಾಗಿ ತೀರಿಕೊಂಡವಳು 1837ರ ಜುಲೈ 24ರ ಸುಮಾರಿಗೆ ಹುಟ್ಟಿರುತ್ತಾಳೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಕಳೆಯುತ್ತಾ ಬರಬೇಕು. ಹಾಗೆ ಲೆಕ್ಕ ಹಾಕಿದ್ದನ್ನು ಪುಟದಲ್ಲಿ ಸೇರಿಸುವಾಗ ಅದು ಲೆಕ್ಕದಿಂದ ಬಂದದ್ದು, ಕಲ್ಲಿನಲ್ಲಿರುವುದಲ್ಲ ಎಂದು ನಾನು ತಪ್ಪದೆ ಬರೆಯುತ್ತೇನೆ. ಇನ್ನೂ ಹಳೆಯ ಕಲ್ಲುಗಳಲ್ಲಿ ಒಂದೇ ಸಾವಿಗೆ ಎರಡು ವರ್ಷ, ನಡುವೆ ಒಂದು ಓರೆಗೆರೆ ಇದ್ದರೆ ಗಾಬರಿಯಾಗಬೇಡಿ. ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ 1752ರ ಸುಧಾರಣೆಗೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿಯಿಂದ ಆ ದಿನದವರೆಗಿನ ಅವಧಿಗೆ ಎರಡೂ ವರ್ಷ ಬರೆಯುವ ವಾಡಿಕೆ ಇತ್ತು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನ ಹಳೆಯ ಲೆಕ್ಕದಲ್ಲಿ 1731/2ರ ಫೆಬ್ರವರಿ 11, ಇಂದಿನ ಲೆಕ್ಕದಲ್ಲಿ 1732ರ ಫೆಬ್ರವರಿ 22. ಯಾವುದೋ ಒಂದನ್ನು ಆರಿಸಿ ಟೈಪು ಮಾಡುವುದು ಕರಡು ತಿದ್ದುವವರು ಮಾಡಬಾರದ ಕೆಲಸ.

ನಾನೂ ತಪ್ಪಿದ್ದೇನೆ. ಒಂದು ಕಲ್ಲಿನಲ್ಲಿ ಸತ್ತ ವರ್ಷವನ್ನು 1819 ಎಂದು ಓದಿದೆ, ಹಾಗೆಯೇ ಸೇರಿಸಿದೆ. ಎರಡು ವಾರದ ನಂತರ ಗುರುತಿಲ್ಲದ ಒಬ್ಬರಿಂದ ತಿದ್ದುಪಡಿಯ ಸಲಹೆ ಬಂತು. ಪಕ್ಕದ ಕಲ್ಲು ಅವಳ ಮಗನದು, ಅವನು ಹುಟ್ಟಿದ್ದು 1846ರಲ್ಲಿ. ದಯವಿಟ್ಟು ಇನ್ನೊಮ್ಮೆ ನೋಡುವಿರಾ ಎಂದು ಕೇಳಿದ್ದರು. ಮರುದಿನವೇ ಹೋಗಿ ಸಂಜೆ ಬಿಸಿಲಿಗೆ ಕಾದೆ. ಒಂದು ಎಂದುಕೊಂಡಿದ್ದ ಅಂಕಿಯ ಎಡಗಡೆಗೆ ನಾಲ್ಕರ ತೋಳು ಕೂದಲೆಳೆಯಂತೆ ಕಂಡಿತು. 1849. ತಾಯಿ ಹೋದಾಗ ಆ ಮಗುವಿಗೆ ಮೂರು ವರ್ಷ. ಇಂಥ ತಿದ್ದುಪಡಿಗೆ ದಾರಿಯಿರುವುದೇ ಈ ತಾಣದ ಬಲ: ಪುಟ ನೋಡಿಕೊಳ್ಳುವವರಿಗೆ ಸಲಹೆ ಹೋಗುತ್ತದೆ, ಅವರು ಒಪ್ಪಿದರೆ ಬದಲಾಗುತ್ತದೆ. ಬಲವೇ ದೌರ್ಬಲ್ಯವೂ ಹೌದು. ಯಾರು ಬೇಕಾದರೂ ಸೇರಿಸಬಹುದು, ಆದ್ದರಿಂದ ಕಲ್ಲನ್ನೇ ನೋಡದೆ ಹಳೆಯ ಪಟ್ಟಿಯೊಂದರಿಂದ ಎತ್ತಿ ಹಾಕಿದ ಪುಟವೂ ಅದೇ ಪಟ್ಟಿಯಲ್ಲಿ ಅದೇ ಗತ್ತಿನಲ್ಲಿ ಕುಳಿತಿರುತ್ತದೆ. ಕಲ್ಲಿನ ಚಿತ್ರ ಇಲ್ಲದ ಪುಟವನ್ನು ಸುಳಿವು ಎಂದಷ್ಟೇ ನಂಬಿ. ಯಾವ ಆಧಾರವೂ ಕಾಣದ ತಂದೆತಾಯಿಯ ಕೊಂಡಿಯನ್ನು ನಿಮ್ಮ ವಂಶವೃಕ್ಷಕ್ಕೆ ಹಾಗೆಯೇ ಸೇರಿಸಿಕೊಳ್ಳಬೇಡಿ.

ಬಿಲಿಯನ್‌ಗ್ರೇವ್ಸ್ ಎಂಬ ಇನ್ನೊಂದು ಸೇವೆಯನ್ನೂ ಕೆಲವು ವಾರ ಬಳಸಿದೆ. ಅದು ಶುರುವಾದದ್ದು 2011ರಲ್ಲಿ. ಅಲ್ಲಿ ಮೊಬೈಲ್ ಆ್ಯಪ್‌ನಿಂದ ಕಲ್ಲಿನ ಚಿತ್ರ ತೆಗೆದರೆ ಜಿಪಿಎಸ್ ಸ್ಥಾನವೂ ಜೊತೆಗೇ ದಾಖಲಾಗುತ್ತದೆ. ಓದಿ ಟೈಪು ಮಾಡುವ ಕೆಲಸವನ್ನು ಬೇರೆ ಯಾರಾದರೂ ಮನೆಯಲ್ಲಿ ಕುಳಿತು ಮಾಡಬಹುದು. ಚಿತ್ರವಿಲ್ಲದೆ ದಾಖಲೆ ಹುಟ್ಟುವುದಿಲ್ಲವೆಂಬುದು ಇದರ ಗಟ್ಟಿತನ. ಕಲ್ಲು ಎಲ್ಲಿದೆ, ಅದರ ಪಕ್ಕ ಯಾರಿದ್ದಾರೆ ಎಂಬುದು ನಕ್ಷೆಯಲ್ಲಿ ಕಾಣುತ್ತದೆ. ಕುಟುಂಬಗಳು ಒಟ್ಟಿಗೆ ಮಲಗಿರುವುದರಿಂದ ಅಕ್ಕಪಕ್ಕವೇ ಅರ್ಧ ಇತಿಹಾಸ. ಕೆಲವು ಸೌಲಭ್ಯಗಳಿಗೆ ಹಣ ಕೊಟ್ಟು ಸದಸ್ಯರಾಗಬೇಕು. ದೊಡ್ಡ ಸ್ಮಶಾನವನ್ನು ಗುಂಪು ಕಟ್ಟಿಕೊಂಡು ಒಂದೇ ದಿನದಲ್ಲಿ ಚಿತ್ರೀಕರಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಂದೊಂದು ಕಲ್ಲಿನ ಮುಂದೆ ಕುಳಿತು ಒಂದು ಮನೆಯ ಕಥೆ ಜೋಡಿಸುವವರಿಗೆ ಫೈಂಡ್ ಎ ಗ್ರೇವ್ ಹೆಚ್ಚು ಒಗ್ಗುತ್ತದೆ. ಎರಡು ಮಹಾಯುದ್ಧಗಳಲ್ಲಿ ಮಡಿದ ಕಾಮನ್‌ವೆಲ್ತ್ ಸೈನಿಕರ ಕಲ್ಲು ಕಂಡರೆ ಎರಡನ್ನೂ ಬಿಟ್ಟು 1917ರಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿ ಆಯೋಗದ ದಾಖಲೆಗೆ ಹೋಗಿ. ಸುಮಾರು 17 ಲಕ್ಷ ಮಂದಿಯ ವಿವರ ಅಲ್ಲಿದೆ. ದರ್ಜೆ ನೋಡದೆ ಎಲ್ಲರಿಗೂ ಒಂದೇ ಬಗೆಯ ಕಲ್ಲು ನಿಲ್ಲಿಸಿದ ಆಯೋಗ ಅದು.

ಕಲ್ಲಿನ ಚಿತ್ತಾರಗಳ ಬಗ್ಗೆ ತಾಣ ಅಷ್ಟಾಗಿ ಏನೂ ಹೇಳುವುದಿಲ್ಲ, ಅದನ್ನು ನೀವೇ ಕಲಿಯಬೇಕು. ಕುರಿಮರಿ ಮಗುವಿಗೆ, ಮುರಿದ ಕಂಬ ಅರ್ಧದಲ್ಲಿ ನಿಂತ ಬದುಕಿಗೆ, ತಲೆಕೆಳಗಾದ ಪಂಜು ಆರಿದ ಜೀವಕ್ಕೆ. ಅಮೆರಿಕದ ನ್ಯೂ ಇಂಗ್ಲೆಂಡಿನ ಸ್ಮಶಾನಗಳಲ್ಲಿ ರೆಕ್ಕೆಯ ತಲೆಬುರುಡೆ ಹೋಗಿ ರೆಕ್ಕೆಯ ಮಗುವಿನ ಮುಖ ಬಂದದ್ದು, ಅದೂ ಹೋಗಿ ಕಲಶ ಮತ್ತು ವಿಲೋ ಮರ ಬಂದದ್ದು ಯಾವ ಕಾಲದಲ್ಲಿ ಎಂದು ಜೇಮ್ಸ್ ಡೀಟ್ಜ್ ಮತ್ತು ಎಡ್ವಿನ್ ಡೆತ್ಲೆಫ್ಸನ್ 1960ರ ದಶಕದಲ್ಲಿ ಕಲ್ಲುಗಳನ್ನು ಎಣಿಸಿಯೇ ತೋರಿಸಿಕೊಟ್ಟರು. ಹೀಗೆ ಎಣಿಸಬೇಕಾದರೆ ಚಿತ್ರ ಬೇಕು, ಟೈಪು ಮಾಡಿದ ಹೆಸರು ಸಾಲದು. ಅದಕ್ಕೇ ಹೇಳುವುದು, ಅಕ್ಷರದ ಭಾಗವನ್ನಷ್ಟೇ ಹತ್ತಿರದಿಂದ ತೆಗೆಯಬೇಡಿ. ಇಡೀ ಕಲ್ಲು, ಅದರ ಹಿಂಬದಿ, ಕಾಲ ಕಡೆಯ ಚಿಕ್ಕ ಕಲ್ಲು, ಅಕ್ಕಪಕ್ಕದ ಕಲ್ಲುಗಳು ಕಾಣುವ ಒಂದು ದೂರದ ಚಿತ್ರ, ಎಲ್ಲವೂ ಇರಲಿ.

ಪಟ್ಟಿಯನ್ನು ಸತ್ತ ವರ್ಷದಿಂದ ಸೋಸಿ ನೋಡುವ ಸೌಲಭ್ಯವನ್ನು ನಾನು ಬಹಳ ದಿನ ಬಳಸಿರಲಿಲ್ಲ. ಒಂದು ಮಳೆಗಾಲದ ಮಧ್ಯಾಹ್ನ ಮನೆಯಲ್ಲೇ ಕುಳಿತು ಒಂದೊಂದು ವರ್ಷವನ್ನೇ ಕೊಟ್ಟು ನೋಡುತ್ತಾ ಹೋದೆ. ಸಾಮಾನ್ಯವಾಗಿ ಒಬ್ಬರು, ಇಬ್ಬರು. 1918ಕ್ಕೆ ಬಂದಾಗ ಒಂಬತ್ತು. ಜಗತ್ತನ್ನೆಲ್ಲ ಸುತ್ತಿದ ಆ ಇನ್‌ಫ್ಲುಯೆಂಜ ಮುದುಕರನ್ನೂ ಕೂಸುಗಳನ್ನೂ ಮಾತ್ರವಲ್ಲ, ಇಪ್ಪತ್ತು ನಲವತ್ತರ ನಡುವಿನ ಗಟ್ಟಿಮುಟ್ಟಾದವರನ್ನೂ ಹೆಚ್ಚಾಗಿ ಒಯ್ದಿತು ಎಂದು ಓದಿದ್ದೆ. ಒಂಬತ್ತರಲ್ಲಿ ಆರು ಜನ ಆ ವಯಸ್ಸಿನವರು. ಇವರೆಲ್ಲರ ಸಾವಿಗೂ ಅದೇ ಕಾರಣವೆಂದು ಕಲ್ಲು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆ ಆರೂ ಕಲ್ಲುಗಳ ಮುಂದೆ ಹತ್ತು ಸಲ ಹಾದುಹೋಗಿದ್ದೆ. ಅವು ಬೇರೆ ಬೇರೆ ಸಾಲುಗಳಲ್ಲಿವೆ, ಒಂದೇ ವರ್ಷದವೆಂದು ನಡೆಯುವವರಿಗೆ ತಿಳಿಯುವುದೇ ಇಲ್ಲ. ಸ್ಮಶಾನದಲ್ಲಿ ನಿಂತು ಕಾಣದ್ದು ಪರದೆಯ ಮೇಲೆ ಕಂಡದ್ದು ಆ ಒಂದು ಸಲ. ಅದಕ್ಕಾಗಿ ಈ ತಾಣಕ್ಕೆ ಋಣಿ.

ಯಾವ ತಾಣದಲ್ಲೂ ಸಿಗದವರ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಅರ್ಧವಾದೀತು. ನಾನು ಹೋಗುವ ಸ್ಮಶಾನದ ಕೆಳಗಿನ ಅಂಚಿನಲ್ಲಿ ಕಲ್ಲೇ ಇಲ್ಲದ ದೊಡ್ಡ ಜಾಗವಿದೆ. ಮೊದಲು ಖಾಲಿ ಜಾಗವೆಂದೇ ತಿಳಿದಿದ್ದೆ. ಸಂಜೆಯ ಓರೆ ಬಿಸಿಲಿನಲ್ಲಿ ಒಮ್ಮೆ ಅತ್ತ ನೋಡಿದಾಗ ನೆಲದಲ್ಲಿ ಸಾಲು ಸಾಲಾಗಿ ತಗ್ಗುಗಳು ಕಂಡವು, ಒಂದೊಂದೂ ಆಳುದ್ದ. ಕೆಲವು ಅದರ ಅರ್ಧದಷ್ಟು. ಪೆಟ್ಟಿಗೆ ಕುಸಿದು ಮಣ್ಣು ಇಳಿದ ಗುರುತು ಅದು. ಅವರಿಗೂ ಮರದ ಗುರುತುಗಳು ಇದ್ದಿರಬಹುದು, ಮರ ಎಷ್ಟು ದಿನ ಉಳಿದೀತು? ತಾಣದ ಪಟ್ಟಿ ಕಲ್ಲು ನಿಲ್ಲಿಸುವ ಶಕ್ತಿಯಿದ್ದವರ ಪಟ್ಟಿ. ಅದನ್ನೇ ಊರಿನ ಪಟ್ಟಿ ಎಂದು ತಿಳಿದರೆ ಊರಿನ ಬಡವರು ಬದುಕಿಯೇ ಇರಲಿಲ್ಲ ಎಂದಂತಾಗುತ್ತದೆ. ಅವರ ಹೆಸರು ಉಳಿದಿದ್ದರೆ ಅದು ಹೂಳಿದವರ ದಫ್ತರಿನಲ್ಲಿ, ಮರಣ ನೋಂದಣಿಯಲ್ಲಿ, ಅಂದಿನ ಪತ್ರಿಕೆಯ ಮೂರು ಸಾಲಿನ ಸುದ್ದಿಯಲ್ಲಿ. ಕಲ್ಲಿಲ್ಲದಿದ್ದರೂ ಇಂಥ ದಾಖಲೆಯ ಆಧಾರದ ಮೇಲೆ ಫೈಂಡ್ ಎ ಗ್ರೇವ್‌ನಲ್ಲಿ ಪುಟ ತೆರೆಯಬಹುದು. ಇದನ್ನು ಬಳಸುವವರು ಕಡಿಮೆ. ನಾನು ದಫ್ತರು ನೋಡಿ ಈವರೆಗೆ ಹನ್ನೊಂದು ಪುಟ ಸೇರಿಸಿದ್ದೇನೆ. ಒಂದರಲ್ಲಿ 'ಅಪರಿಚಿತ ಪ್ರಯಾಣಿಕ' ಎಂದಷ್ಟೇ ಇದೆ. ಹೆಸರಿನ ಜಾಗದಲ್ಲಿ ಅದನ್ನೇ ಬರೆದೆ.

ಬಾಕಿ ಉಳಿದ ಹದಿನೈದನೆಯ ಕೋರಿಕೆ ಮರದ ನೆರಳಿನ ಸಾಲಿನದು. ಅಮೃತಶಿಲೆ, ಬಹಳ ಸವೆದಿದೆ, ಯಾವ ಹೊತ್ತಿನಲ್ಲೂ ಬಿಸಿಲು ತಾಗುವುದಿಲ್ಲ. ಕೋರಿದವರು ತಮ್ಮ ಅಜ್ಜಿಯ ಅಕ್ಕನನ್ನು ಹುಡುಕುತ್ತಿದ್ದಾರೆ. ಮೊದಲ ಅಕ್ಷರ ಮತ್ತು ಕೊನೆಯ ಎರಡು ಅಕ್ಷರ ನನಗೆ ಸಿಕ್ಕಿವೆ, ನಡುವಿನದು ಸಿಕ್ಕಿಲ್ಲ. ಮನೆಯ ಬೀರುವಿನ ಬಾಗಿಲಿನ ಉದ್ದನೆಯ ಕನ್ನಡಿಯನ್ನು ಬಿಚ್ಚಿಸಿ ಇಟ್ಟುಕೊಂಡಿದ್ದೇನೆ. ಕನ್ನಡಿ ಹಿಡಿಯಲು ಪಕ್ಕದ ಮನೆಯ ಹುಡುಗಿ ಒಪ್ಪಿದ್ದಾಳೆ. ಭಾನುವಾರ ಮೋಡವಿಲ್ಲದಿದ್ದರೆ ಹತ್ತು ಗಂಟೆಗೆ ಹೊರಡುತ್ತೇವೆ.